ಕೆಟ್ಟದ್ದು ಯಾವುದು, ಕೆಡಿಸಿದವರು ಯಾರು?

ಬೆಳಗ್ಗೆ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಅಜ್ಜಿ ಮೂಸಿ ನೋಡುತ್ತಿದ್ದರು. ‘ಹುಳಿ ಬಂದಿದೆ ಅಷ್ಟೆ, ಕೆಟ್ಟಿಲ್ಲ’ ಎಂದು ಕಾವಲಿ ಇಡುತ್ತಿದ್ದರು. ಅದೇ ಅಜ್ಜಿ ಸಂಜೆ ಜಗಲಿಯಲ್ಲಿ ಕೂತು ಯಾರದೋ ಮನೆಯ ಸುದ್ದಿ ಕೇಳಿ, ‘ಕಾಲ ಕೆಟ್ಟೋಯ್ತು ಕಣೇ’ ಎನ್ನುತ್ತಿದ್ದರು. ಹಿಟ್ಟಿಗೂ ಕಾಲಕ್ಕೂ ಒಂದೇ ಮಾತು.

ನಡತೆ ಹಾಳಾಗುವುದನ್ನು ಹೇಳಲು ಸಂಸ್ಕೃತದಿಂದ ಬಂದ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಪತಿತ, ಪಾತಕ, ಅಧಃಪತನ, ಭ್ರಷ್ಟ. ಇವೆಲ್ಲ ಬೀಳುವುದನ್ನು ಹೇಳುವ ಪದಗಳು. ಪತಿತ ಎಂದರೆ ಬಿದ್ದವನು, ಪಾತಕ ಎಂದರೆ ಬೀಳಿಸುವಂಥದ್ದು, ಭ್ರಷ್ಟ ಎಂದರೆ ಇದ್ದ ಜಾಗದಿಂದ ಜಾರಿದವನು. ‘ಕೆಡು’ ಹಾಗಲ್ಲ. ಬೀಳಬೇಕಾದರೆ ಎತ್ತರದಲ್ಲಿ ಇರಬೇಕು. ಹಾಲು ಇಟ್ಟಲ್ಲೇ ಕೆಡುತ್ತದೆ. ಬಸ್ಸು ಘಾಟಿಯಲ್ಲಿ ಕೆಟ್ಟು ನಿಲ್ಲುತ್ತದೆ. ಹೊಟ್ಟೆ ಕೆಡುತ್ತದೆ, ನಿದ್ದೆ ಕೆಡುತ್ತದೆ. ದೀಪ ಆರಿದರೂ ‘ದೀಪ ಕೆಟ್ಟಿತು’ ಎನ್ನುವ ರೂಢಿ ಇದೆ. ಇದ್ದ ಗುಣ ಹೋಯಿತು, ಆಗಬೇಕಾದ ಕೆಲಸ ಆಗುತ್ತಿಲ್ಲ ಎಂಬುದಷ್ಟೇ ಇಲ್ಲಿನ ಅರ್ಥ. ಪಾಪ ಪುಣ್ಯದ ಮಾತು ಆಮೇಲೆ ಬಂದು ಸೇರಿಕೊಂಡದ್ದು.

‘ಕೆಟ್ಟ’ ಎನ್ನುವುದನ್ನೇ ನೋಡಿ. ‘ಒಳ್ಳೆಯ’ ಪದಕ್ಕೆ ಎದುರಾಗಿ ದಿನವೂ ಬಳಸುತ್ತೇವೆ. ಆದರೆ ಅದು ‘ಕೆಡು’ ಕ್ರಿಯಾಪದದ ಭೂತಕಾಲದ ರೂಪ. ‘ಬಂದ ಹುಡುಗ’, ‘ಬಿದ್ದ ಮರ’ ಇದ್ದಹಾಗೆ ‘ಕೆಟ್ಟ ಮನುಷ್ಯ’. ಮೊದಲು ಸರಿ ಇದ್ದ, ಆಮೇಲೆ ಕೆಟ್ಟ ಎನ್ನುವ ಕಥೆ ಆ ಪದದೊಳಗೇ ಇದೆ. ತಮಿಳಿನಲ್ಲೂ ‘ಕೆಟ್ಟ’ ಎಂದೇ ಹೇಳುತ್ತಾರೆ, ತೆಲುಗಿನಲ್ಲಿ ‘ಚೆಡ್ಡ’. ಹಳಗನ್ನಡದಲ್ಲಿ ಈ ಜಾಗದಲ್ಲಿ ಇನ್ನೊಂದು ಪದವಿತ್ತು: ‘ಪೊಲ್ಲ’. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಅದರಲ್ಲಿ ‘ಒಳ್ಳಿತ್ತ’ ಪದಕ್ಕೆ ಎದುರಾಗಿ ನಿಂತಿರುವುದು ‘ಪೊಲ್ಲದು’. ತಮಿಳಿನಲ್ಲಿ ‘ಪೊಲ್ಲಾದ’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ನಮ್ಮಲ್ಲಿ ಅದು ‘ಹೊಲ್ಲ’ ಆಗಿ, ಮೆಲ್ಲಗೆ ಮರೆತುಹೋಯಿತು. ಆ ಜಾಗಕ್ಕೆ ‘ಕೆಟ್ಟ’ ಬಂದು ಕೂತಿತು.

ಅದೇ ಶಾಸನ ಅರಭಟ್ಟನನ್ನು ‘ಕಲಿಯುಗ ವಿಪರೀತನ್’ ಎಂದು ಹೊಗಳುತ್ತದೆ. ಅಂದರೆ 1300 ವರ್ಷಗಳ ಹಿಂದೆಯೂ ಕಾಲ ಕೆಟ್ಟಿತ್ತು, ಅದಕ್ಕೆ ಎದುರು ನಿಂತವನು ದೊಡ್ಡ ಮನುಷ್ಯ ಅನ್ನಿಸಿಕೊಂಡಿದ್ದ.

ದಾನ ಶಾಸನಗಳ ಕೊನೆಯಲ್ಲಿ ಬರುವ ಶಾಪವನ್ನು ನೀವೂ ಕೇಳಿರಬಹುದು. ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಇತ್ಯಾದಿ. ಇಲ್ಲಿ ‘ಧರ್ಮ’ ಎಂದರೆ ಕೊಟ್ಟ ಹೊಲ, ಕಟ್ಟಿಸಿದ ಕೆರೆ, ಬಿಟ್ಟ ಸುಂಕ. ಕೆಡಿಸುವುದು ಎಂದರೆ ಅದನ್ನು ನುಂಗುವುದು. ಕೆಡುವ ವಸ್ತು ಕಣ್ಣಿಗೆ ಕಾಣುವಂಥದ್ದು, ಶಾಪ ತಟ್ಟುವುದು ಕೆಡಿಸಿದವನಿಗೆ. ಇಷ್ಟು ಖಚಿತವಾಗಿ ನಾವು ಇವತ್ತು ಆ ಮಾತನ್ನು ಬಳಸುತ್ತೇವಾ?

ಕನ್ನಡ ಈ ಪದದಿಂದ ಒಂದು ದೊಡ್ಡ ಸಂಸಾರವನ್ನೇ ಕಟ್ಟಿಕೊಂಡಿದೆ. ಸಂಧಿಯಲ್ಲಿ ಕಕಾರ ಗಕಾರವಾಗುವುದನ್ನು ಶಾಲೆಯಲ್ಲಿ ಕಲಿತಿದ್ದೇವಲ್ಲ, ಅದೇ ಆದೇಶ ಸಂಧಿ. ಕಂಗೆಟ್ಟ, ಬುದ್ಧಿಗೆಟ್ಟ, ಗತಿಗೆಟ್ಟ, ಮಾನಗೆಟ್ಟ, ಲಜ್ಜೆಗೆಟ್ಟ, ನೀತಿಗೆಟ್ಟ. ಏನು ಕಳೆದುಹೋಯಿತು ಎಂಬುದನ್ನು ಮೊದಲ ಪದವೇ ಹೇಳಿಬಿಡುತ್ತದೆ. ನನಗೆ ಈ ಪದಗಳ ಮೇಲೆ ತುಂಬ ಪ್ರೀತಿ. ಸುಮ್ನೆ ‘ಕೆಟ್ಟವನು’ ಅನ್ನುವುದಕ್ಕಿಂತ ಇವು ಎಷ್ಟೋ ಪ್ರಾಮಾಣಿಕ.

ಒಂದನ್ನು ಮಾತ್ರ ಒಪ್ಪಲಾರೆ: ಕುಲಗೆಟ್ಟ. ‘ರಾಜಕೀಯ ಕುಲಗೆಟ್ಟು ಹೋಗಿದೆ’ ಎಂದು ಒಳ್ಳೆಯವರೂ ಬರೆಯುತ್ತಾರೆ. ಪೂರ್ತಿ ಹಾಳಾಗಿದೆ ಎನ್ನುವುದು ಅವರ ಅರ್ಥ. ಆದರೆ ಆ ಪದದ ಲೆಕ್ಕದಲ್ಲಿ ಮನುಷ್ಯ ಕಳೆದುಕೊಳ್ಳಬಹುದಾದ ಅತಿ ದೊಡ್ಡ ವಸ್ತು ಅವನ ಕುಲ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು. ಸಮಗಾರರ ಮನೆಗೂ ಬ್ರಾಹ್ಮಣರ ಮನೆಗೂ ನಂಟಾಯಿತು. ಅಂದಿನ ಸಂಪ್ರದಾಯಸ್ಥರ ಕಣ್ಣಿನಲ್ಲಿ ಆ ಎರಡೂ ಮನೆಯವರು ಕುಲಗೆಟ್ಟವರೇ. ಅದಕ್ಕಾಗಿ ಅವರು ಜೀವ ತೆತ್ತರು. ಅವರಿಗೆ ಅಂಟಿದ್ದ ಪದವನ್ನೇ ದುಡ್ಡು ಹೊಡೆಯುವವರಿಗೂ ಬಳಸುವುದು ನನಗೆ ಸಂಕಟ.

‘ಭ್ರಷ್ಟ’ ಪದ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಹಿಂದೆ ಆಚಾರಭ್ರಷ್ಟ, ಜಾತಿಭ್ರಷ್ಟ ಎನ್ನುತ್ತಿದ್ದರು. ಸಮುದ್ರ ದಾಟಿದವನೂ ಭ್ರಷ್ಟನೇ. ಈಗ ಅದು ಲಂಚಕ್ಕೆ ಮೀಸಲು. 1988ರ ಭ್ರಷ್ಟಾಚಾರ ತಡೆ ಕಾಯ್ದೆ, ಕರ್ನಾಟಕದಲ್ಲಿ 2016ರಲ್ಲಿ ಹುಟ್ಟಿ 2022ರಲ್ಲಿ ಹೈಕೋರ್ಟ್ ರದ್ದು ಮಾಡಿದ ಭ್ರಷ್ಟಾಚಾರ ನಿಗ್ರಹ ದಳ, ಎಲ್ಲ ಕಡೆ ಇದೇ ಅರ್ಥ. ಜಾತಿಯ ವಾಸನೆ ಪೂರ್ತಿ ಹೋಗಿದೆ. ಒಳ್ಳೆಯದೇ ಆಯಿತು.

‘ಕೆಟ್ಟ’ ಪದಕ್ಕೆ ಆ ಬಿಡುಗಡೆ ಸಿಕ್ಕಿಲ್ಲ. ಗಂಡಸು ಕೆಟ್ಟ ಎಂದರೆ ಕುಡಿದು, ಇಸ್ಪೀಟು ಆಡಿ, ಆಸ್ತಿ ಕಳೆದ ಎಂದರ್ಥ. ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆ ಅವನಿಗೆ ಇನ್ನೊಂದು ದಾರಿ ತೋರಿಸುತ್ತದೆ. ಹೆಂಗಸು ಕೆಟ್ಟಳು ಎಂದರೆ ಒಂದೇ ಅರ್ಥ. ಅವಳಿಗೆ ಪಟ್ಟಣದ ದಾರಿಯನ್ನು ಯಾವ ಗಾದೆಯೂ ಹೇಳುವುದಿಲ್ಲ. ಬಲಾತ್ಕಾರಕ್ಕೂ ಹಳ್ಳಿಯ ಬಾಯಲ್ಲಿ ಇದೇ ಮಾತು: ‘ಅವಳನ್ನು ಕೆಡಿಸಿದ.’ ನಾಲ್ಕು ದಿನ ಕಳೆದರೆ ವಾಕ್ಯದಿಂದ ಅವನು ಮಾಯ. ‘ಕೆಟ್ಟವಳು’ ಮಾತ್ರ ಉಳಿಯುತ್ತಾಳೆ.

ಇದು ಜಗಲಿ ಮಾತಿಗೇ ನಿಂತಿರಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 155ನೇ ಕಲಮಿನಲ್ಲಿ, ಅತ್ಯಾಚಾರದ ದೂರು ಕೊಟ್ಟವಳು ಸಾಮಾನ್ಯವಾಗಿ ನಡತೆಗೆಟ್ಟವಳು ಎಂದು ತೋರಿಸಿ ಅವಳ ಮಾತನ್ನು ನಂಬಬೇಡಿ ಎನ್ನಲು ಅವಕಾಶವಿತ್ತು. ಅದನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿ. 130 ವರ್ಷ ಬೇಕಾಯಿತು.

ಈಗ ಪತ್ರಿಕೆಗಳು ‘ಸಂತ್ರಸ್ತೆ’ ಎಂದು ಬರೆಯುತ್ತವೆ. ಊರಿನ ಕಡೆ ಹೋದರೆ ಹಳೆಯ ಮಾತು ಇನ್ನೂ ಕಿವಿಗೆ ಬೀಳುತ್ತದೆ. ‘ಕೆಡಿಸಿದವನು ಯಾರು, ಅವನೀಗ ಎಲ್ಲಿದ್ದಾನೆ?’ ಎಂದು ಕೇಳುತ್ತೇನೆ. ಹೆಸರು ಎಲ್ಲರಿಗೂ ಗೊತ್ತಿರುತ್ತದೆ.