‘ಅರ್ಥ ಆಯ್ತಾ?’ ಎಂದು ಕೇಳಬೇಡಿ

ಔಷಧಿ ಪ್ರಯೋಗಗಳಲ್ಲಿ ಜನರಿಗೆ ವಿವರ ಹೇಳಿ ಒಪ್ಪಿಗೆ ಪಡೆಯುವ ಕೋಆರ್ಡಿನೇಟರ್‌ಗಳಿಗೆ ತರಬೇತಿ ಕೊಡುವಾಗ ನಾನು ಮೊದಲು ಬಿಡಿಸುವುದು ಒಂದು ಪ್ರಶ್ನೆ ಕೇಳುವ ಅಭ್ಯಾಸವನ್ನು: “ಅರ್ಥ ಆಯ್ತಾ ಅಮ್ಮಾ?” ಆಸ್ಪತ್ರೆಯ ಕುರ್ಚಿಯಲ್ಲಿ ಕೂತವರು ಇದಕ್ಕೆ ಇಲ್ಲ ಅನ್ನುವುದೇ ಅಪರೂಪ. ಹೂಂ ಅಂತಾರೆ, ಎಲ್ಲಿ ಸೈನ್ ಹಾಕಲಿ ಅಂತಾರೆ.

ಒಮ್ಮೆ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಬಂದಿದ್ದ ಅಜ್ಜಿಯೊಬ್ಬರಿಗೆ ನಮ್ಮ ಕೋಆರ್ಡಿನೇಟರ್ ಹುಡುಗಿ ಅರ್ಧ ಗಂಟೆ ತಾಳ್ಮೆಯಿಂದ ವಿವರಿಸಿದಳು. ಪಕ್ಕದಲ್ಲಿದ್ದ ನಾನು, “ಅಜ್ಜಿ, ಮನೇಲಿ ಮಗ ಕೇಳಿದ್ರೆ ಏನಂತ ಹೇಳ್ತೀರಿ?” ಎಂದೆ. “ಹೊಸ ಮಾತ್ರೆ ಬಂದದೆ, ಹಳೇದಕ್ಕಿಂತ ಚೆಂದಾಗದೆ, ಕಾಸಿಲ್ದೆ ಕೊಡ್ತಾರೆ ಅಂತೀನಿ” ಎಂದರು.

ತಪ್ಪು ಅಜ್ಜಿಯದಲ್ಲ. ‘ಪ್ರಯೋಗ’ ಅಂದರೆ ಹೆದರುತ್ತಾರೆ ಅಂತ ಹುಡುಗಿ ಮಾತುಮಾತಿಗೂ ‘ಹೊಸ ಚಿಕಿತ್ಸೆ’ ಅಂದಿದ್ದಳು. ಒಳ್ಳೇ ಮನಸ್ಸಿನಿಂದಲೇ ಅಂದಿದ್ದು. ಆದರೆ ಅಜ್ಜಿ ದಾರಿ ತಪ್ಪಿದ್ದು ಆ ಮೆತ್ತನೆ ಮಾತಿನಿಂದಲೇ.

ಹಾಗಾಗಿ ತರಬೇತಿಯಲ್ಲಿ ಜಾಸ್ತಿ ಹೊತ್ತು ಹೋಗುವುದು ಮಾತು ಹುಡುಕುವುದರಲ್ಲಿ. “ಈ ಮಾತ್ರೆ ಕೆಲಸ ಮಾಡುತ್ತಾ ಅಂತ ನಮಗೂ ಇನ್ನೂ ಗೊತ್ತಿಲ್ಲ, ಅದನ್ನು ತಿಳಿಯೋಕೇ ಈ ಪರೀಕ್ಷೆ.” “ಯಾರಿಗೆ ಯಾವುದು ಅಂತ ಡಾಕ್ಟರೂ ಆರಿಸಲ್ಲ, ಚೀಟಿ ಎತ್ತಿದ ಹಾಗೆ.” ಪ್ಲಸೀಬೊ ಅಂದರೆ ನೋಡೋಕೆ ಅದೇ ಥರ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. 5 ಮಿಲಿ ರಕ್ತ ಅಂದರೆ ಒಂದು ಟೀ ಚಮಚ. ಇನ್ನೊಂದನ್ನು ಮರೆಯಲೇಬಾರದು: “ಬೇಡ ಅಂದ್ರೂ ಈಗಿನ ಚಿಕಿತ್ಸೆ ನಿಲ್ಲಲ್ಲ. ನಡುವೆ ಬಿಟ್ಟು ಹೋದ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ.”

ಓದಲು ಬಾರದವರ ಜೊತೆ ನಿಷ್ಪಕ್ಷ ಸಾಕ್ಷಿಯೊಬ್ಬರು ಕೊನೆಯವರೆಗೂ ಕೂತಿರಬೇಕು ಎಂದು ನಮ್ಮ ದೇಶದ 2019ರ ಔಷಧಿ ಪ್ರಯೋಗ ನಿಯಮಗಳು ಹೇಳುತ್ತವೆ. ಹಿಂದೆಂದೂ ಔಷಧಿಯಾಗಿ ಬಳಕೆಗೆ ಬಾರದ ಹೊಸ ರಾಸಾಯನಿಕದ ಔಷಧಿಯಾದರೆ, ಬೇಡ ಅನ್ನಲು ಕಷ್ಟವಾಗುವ ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆಯನ್ನು ವಿಡಿಯೊ ಮಾಡಬೇಕು. ಎರಡೂ ಬೇಕಾದವೇ. ಆದರೆ ಕ್ಯಾಮೆರಾ ಮುಂದೆ ಜನ ಇನ್ನೂ ಬೇಗ ಹೂಂ ಅಂತಾರೆ, ನಾನು ಕಂಡಿದ್ದೇನೆ.

ಅವತ್ತು ಹುಡುಗಿ ಇನ್ನೊಮ್ಮೆ ಮೊದಲಿಂದ ಹೇಳಿದಳು, ಈ ಸಲ ‘ಪ್ರಯೋಗ’ ಎಂದೇ. ಅಜ್ಜಿ ಸೆರಗಿನ ತುದಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, “ಹಂಗಾದ್ರೆ ನಂಗೆ ಔಷ್ದಿ ಇಲ್ಲದ್ದೇ ಬಂದ್ರೆ?” ಎಂದರು.

ಹುಡುಗಿ ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡಳು.