ಇನ್ನೊಂದು ಕೋಟ್ ಗ್ಲೇಜ್ ಬಳಿದರೆ ಹೂದಾನಿ ಸೋರುವುದು ನಿಲ್ಲುತ್ತದೆಯೇ?

ಪ್ರಶ್ನೆ: ಹೂದಾನಿಯ ಒಳಗೂ ಹೊರಗೂ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇದೆ. ಆದರೂ ನೀರು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಮೇಜಿನ ಮೇಲೆ ಒದ್ದೆ ಉಂಗುರ. ಇನ್ನೊಂದು ಕೋಟ್ ಬಳಿದು ಸುಟ್ಟರೆ ಸರಿಹೋದೀತೇ?

ಇಲ್ಲ. ದಾವಣಗೆರೆಯ ನನ್ನ ಸ್ಟುಡಿಯೋಗೆ ಕಲಿಯಲು ಬಂದವರು, ಕೊಳ್ಳಲು ಬಂದವರು, ಸುಮ್ಮನೆ ತಿಗರಿ ನೋಡಲು ಬಂದವರು ಎಲ್ಲರೂ ಕೇಳುವುದು ಇದನ್ನೇ. ಉತ್ತರಕ್ಕೆ ತಲೆಯಾಡಿಸುತ್ತಾರೆ, ಮುಂದಿನ ತಿಂಗಳು ಅದೇ ಹೂದಾನಿಗೆ ಮತ್ತೆ ಗ್ಲೇಜ್ ಬಳಿದುಕೊಂಡು ಬರುತ್ತಾರೆ. ಈ ಸಲ ಬರೆದೇ ಬಿಡುತ್ತೇನೆ: ಸ್ಟೋನ್‌ವೇರ್‌ನಲ್ಲಿ (ಉಪ್ಪಿನಕಾಯಿ ಜಾಡಿಯಂತೆ ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಮಣ್ಣಿನ ಪಾತ್ರೆಯಲ್ಲಿ) ನೀರನ್ನು ತಡೆಯುವುದು ಗ್ಲೇಜ್ ಅಲ್ಲ, ಬೆಂದ ಮಣ್ಣು.

ನಂಬಿಕೆ ಬರದಿದ್ದರೆ ಅಡುಗೆಮನೆಯ ಉಪ್ಪಿನಕಾಯಿ ಜಾಡಿ ಖಾಲಿಯಾದಾಗ ಬೋರಲು ಹಾಕಿ. ಅಡಿಯ ಅಂಚಿನಲ್ಲಿ ಗ್ಲೇಜ್ ಇರುವುದಿಲ್ಲ. ಇದ್ದಿದ್ದರೆ ಜಾಡಿ ಭಟ್ಟಿಯ ಹಲಗೆಗೇ ಅಂಟಿಕೊಳ್ಳುತ್ತಿತ್ತು. ಆ ಬೋಳು ಅಂಚಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೆಯೇ ಕುಳಿತಿರುತ್ತದೆ. ಹೊಸ ಹಣತೆಯ ಮೇಲೆ ಬಿಟ್ಟರೆ ಕಣ್ಣೆದುರೇ ಇಂಗಿಹೋಗುತ್ತದೆ. ಊರ ಮಡಕೆ ಬೇಯುವುದು ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಣಗಳ ನಡುವೆ ಸಂದು ಉಳಿದಿರುತ್ತದೆ. ಸ್ಟೋನ್‌ವೇರ್ ಮಣ್ಣಿನ ಫೆಲ್ಡ್‌ಸ್ಪಾರ್ ಎಂಬ ಖನಿಜ 1200ರ ಆಸುಪಾಸಿನಲ್ಲಿ ಕರಗಿ, ಗಾಜಾಗಿ, ಆ ಸಂದುಗಳನ್ನು ಒಳಗಿನಿಂದಲೇ ತುಂಬುತ್ತದೆ. ಮಡಕೆ ಬೆವರಿದರೆ ತಣ್ಣೀರು ಸಿಗುತ್ತದೆ, ಹೂದಾನಿ ಬೆವರಿದರೆ ಮೇಜು ಹಾಳಾಗುತ್ತದೆ.

ಗ್ಲೇಜ್ ಮಳೆಕೋಟಲ್ಲ. ತಣಿಯುವಾಗ ಅದು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಭಟ್ಟಿಯಿಂದ ತೆಗೆದ ಮೇಲೂ ಟಿಣ್ ಟಿಣ್ ಎಂದು ಕೇಳಿಸುವುದು ಅದೇ. ನೀರಿಗೆ ಅಷ್ಟು ದಾರಿ ಸಾಕು. ಇನ್ನೊಂದು ಕೋಟ್ ಬಳಿದರೆ ಪದರ ದಪ್ಪವಾಗಿ ಬಿರುಕು ಹೆಚ್ಚೀತೇ ಹೊರತು ಮುಚ್ಚುವುದಿಲ್ಲ.

ನಾನೂ ಹುಟ್ಟುತ್ತಲೇ ಕಲಿತು ಬಂದವಳಲ್ಲ. ನನ್ನ ಮೊದಲ ಸ್ಟೋನ್‌ವೇರ್ ಹೂದಾನಿ, ಗೇಣುದ್ದದ್ದು, ಕುತ್ತಿಗೆ ಎಡಕ್ಕೆ ವಾಲಿದ್ದು, ಈಗಲೂ ಕಪಾಟಿನಲ್ಲಿದೆ. ಮಣ್ಣು 1280 ಡಿಗ್ರಿ ಬೇಡುವಂಥದ್ದು. ಗ್ಲೇಜ್‌ಗೆ ಮಾತ್ರ ಬೊರಾಕ್ಸ್ ಇರುವ ಫ್ರಿಟ್ (ಬೇಗ ಕರಗುವ ಗಾಜಿನ ಪುಡಿ) ಧಾರಾಳವಾಗಿ ಸುರಿದಿದ್ದೆ. ಅದು 1180ಕ್ಕೇ ಕರಗಿ ಥಳಥಳಿಸಿತು. ಕಿಂಡಿಯಲ್ಲಿ ಹೊಳಪು ಕಂಡದ್ದೇ ತಡ, ಬೆಂದಿತೆಂದು ಗ್ಯಾಸ್ ಆರಿಸಿದೆ. ಹಸಿ ಹೋಳಿಗೆಗೆ ತುಪ್ಪ ಸವರಿದಂತಾಯಿತು. ಅದೇ ಭಟ್ಟಿಯಲ್ಲಿದ್ದ ಗ್ಲೇಜಿಲ್ಲದ 100 ಗ್ರಾಂ ತುಂಡನ್ನು ಕುದಿಸಿ, ರಾತ್ರಿಯಿಡೀ ನೆನೆಸಿ ತೂಗಿದರೆ 107 ಗ್ರಾಂ. ಸರಿಯಾಗಿ ಬೆಂದದ್ದು ಎರಡು ಮೂರು ಗ್ರಾಂಗಿಂತ ಹೆಚ್ಚು ನೀರು ಕುಡಿಯಬಾರದು. ಈಗ ಆ ಹೂದಾನಿಯನ್ನು 1280ಕ್ಕೆ ಮತ್ತೆ ಸುಟ್ಟರೆ ಮಣ್ಣು ಬೇಯುತ್ತದೆ, ಗ್ಲೇಜ್ ಹರಿದು ಹಲಗೆ ಹಿಡಿಯುತ್ತದೆ. ಹಾಗಾಗಿ ಅದರಲ್ಲಿ ಒಣಹುಲ್ಲಿನ ಗೊಂಚಲು ಇಟ್ಟಿದ್ದೇನೆ.

ಹಾಗಾದರೆ ಗ್ಲೇಜ್ ಏಕೆ? ತೊಳೆಯಲು ಸುಲಭ, ಮುಟ್ಟಲು ನುಣುಪು, ಮತ್ತೆ ಬಣ್ಣ. ಬಣ್ಣವೆಂದ ಮೇಲೆ, ಯಾರೂ ಕೇಳದಿದ್ದರೂ, ಬೂದಿಯ ಕಥೆ ಹೇಳಲೇಬೇಕು. ಬೆಣ್ಣೆದೋಸೆ ಹೋಟೆಲಿನ ಸೌದೆ ಒಲೆಯ ಬೂದಿ ತಂದು ಜರಡಿ ಹಿಡಿದೆ. ಎರಡು ಪಾಲು ಬೂದಿ, ಎರಡು ಪಾಲು ಫೆಲ್ಡ್‌ಸ್ಪಾರ್, ಒಂದು ಪಾಲು ಜೇಡಿಮಣ್ಣು. ಭಟ್ಟಿಗೆ ಗಾಳಿ ಕಡಿಮೆ ಮಾಡಿ ಸುಟ್ಟಾಗ ಮಣ್ಣಿನಲ್ಲಿದ್ದ ಚೂರು ಕಬ್ಬಿಣದಿಂದ ತಿಳಿಹಸಿರು ಬಂದಿತು. ಅದೇ ಹುರುಪಿನಲ್ಲಿ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟಿನ ಬೂದಿ ತಂದು ಅದೇ ಅಳತೆಯಲ್ಲಿ ಹಾಕಿದರೆ, ಸುಣ್ಣ ಬಳಿದ ಗೋಡೆಯಂಥ ಒರಟು ಬಿಳಿ! ಸೌದೆ ಬೂದಿಯಲ್ಲಿ ಕರಗಿಸುವ ಸುಣ್ಣದಂಶ ಹೆಚ್ಚು. ಹೊಟ್ಟಿನ ಬೂದಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಸಿಲಿಕಾ. ಸಿಲಿಕಾ ಒಂದೇ ಕರಗಬೇಕಾದರೆ 1700 ಡಿಗ್ರಿ ದಾಟಬೇಕು. ಎರಡೂ ಬೂದಿಯನ್ನು ಫೆಲ್ಡ್‌ಸ್ಪಾರ್ ಜೊತೆ ಸಮಪಾಲು ಬೆರೆಸಿದಾಗ ಮಜ್ಜಿಗೆಯಂಥ ಬಿಳಿ ಬಂದಿತು. ಜಪಾನಿನ ಕುಂಬಾರರು ಇದನ್ನು ನುಕಾ ಎನ್ನುತ್ತಾರೆ.

ಹಿತ್ತಲಿನಲ್ಲಿ ಇನ್ನೂ ಎರಡು ಚೀಲ ಹೊಟ್ಟಿನ ಬೂದಿ ಇದೆ, ಬೇಕಾದವರು ಒಯ್ಯಬಹುದು. ಸೋರುವ ಹೂದಾನಿ ತರುವವರು ಮಾತ್ರ ಎಷ್ಟು ಡಿಗ್ರಿಯಲ್ಲಿ ಸುಟ್ಟಿರೆಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.