ಒಂದು ಫೋಟೊ, ಎರಡು ಹಕ್ಕು: ನಮ್ಮ ಚಿತ್ರ ಮಾರಾಟದ ಆ್ಯಪ್‌ನಲ್ಲಿ ಕಂಡರೆ

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಳ್ಳೋಣ. ಸುಮಾ ಗೃಹಪ್ರವೇಶಕ್ಕೆ ಅಮ್ಮನ ಇಳಕಲ್ ಸೀರೆ ಉಟ್ಟಳು. ಗೆಳತಿ ರೇಖಾ ತನ್ನ ಮೊಬೈಲಿನಲ್ಲಿ ಫೋಟೊ ತೆಗೆದಳು. ಸುಮಾ ಅದನ್ನು ಇನ್‌ಸ್ಟಾಗ್ರಾಂಗೆ ಹಾಕಿದಳು. ಎರಡು ತಿಂಗಳಾದ ಮೇಲೆ ಒಂದು ಮಾರಾಟದ ಆ್ಯಪ್‌ನಲ್ಲಿ ಅದೇ ಫೋಟೊ. ಕೆಳಗೆ 799 ರೂಪಾಯಿ, ಕ್ಯಾಶ್ ಆನ್ ಡೆಲಿವರಿ. ಪಾರ್ಸೆಲ್ ಬಿಚ್ಚಿದರೆ ಒಳಗಿರುವುದು ಯಾವುದೋ ಪಾಲಿಯೆಸ್ಟರ್.

ಯಾರ ಹಕ್ಕಿಗೆ ಪೆಟ್ಟು ಬಿತ್ತು? ‘ಸುಮಾಳದ್ದು’ ಅಂತ ಬರೆದು ಮುಗಿಸಿದರೆ ಅರ್ಧ ಉತ್ತರ ಅಷ್ಟೇ. ಅವಳ ಮುಖದ ಹಕ್ಕು ಬೇರೆ, ಫೋಟೊದ ಹಕ್ಕು ಬೇರೆ.

ಫೋಟೊದ್ದು ಮೊದಲು ನೋಡೋಣ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರು. ಅಂದರೆ ಇಲ್ಲಿ ರೇಖಾ. ಸೆಲ್ಫಿ ಆಗಿದ್ದರೆ ಸುಮಾ. ಹಾಗಾದರೆ ಮದುವೆ ಫೋಟೊ? ಇಲ್ಲೇ ನಾವೆಲ್ಲ ಎಡವುವುದು. ಸೆಕ್ಷನ್ 17 ಹೇಳುವುದೇನೆಂದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ ತೆಗೆಸಿದವರೇ ಮೊದಲ ಮಾಲೀಕರು. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಇದು ಬದಲಾಗುತ್ತದೆ. ಹಾಗಾಗಿ ಸ್ಟುಡಿಯೊದವರು ಕೊಟ್ಟ ಕಾಗದಕ್ಕೆ ಸಹಿ ಹಾಕುವ ಮೊದಲು ಸಣ್ಣ ಅಕ್ಷರ ಓದಿ. ಅಂದಹಾಗೆ, ಈ ಹಕ್ಕು ಸಿಗಲು ನೋಂದಣಿ ಕಡ್ಡಾಯ ಅಲ್ಲ. ಗೊತ್ತಿದ್ದೂ ಕದ್ದರೆ ಸೆಕ್ಷನ್ 63ರಲ್ಲಿ 6 ತಿಂಗಳಿಂದ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.

ಇನ್ನು ಮುಖದ ಹಕ್ಕು. ಇದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ತೀರ್ಪುಗಳಿಂದ ಬೆಳೆದು ಬಂದದ್ದು. 1994ರ ಆರ್. ರಾಜಗೋಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಒಬ್ಬರ ಹೆಸರು, ರೂಪವನ್ನು ಜಾಹೀರಾತಿಗೆ ಬಳಸುವುದು ಖಾಸಗಿತನಕ್ಕೆ ಧಕ್ಕೆ ಎಂದಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಎರಡೂ ಹಕ್ಕು ಒಟ್ಟಿಗೆ ಕಾಣಬೇಕಾ? ದೆಹಲಿ ಹೈಕೋರ್ಟಿನ 2012ರ ಟೈಟನ್ ಪ್ರಕರಣ ಓದಿ. ಟೈಟನ್‌ನ ಒಡವೆ ಬ್ರ್ಯಾಂಡ್ ತನಿಷ್ಕ್‌ನ ಜಾಹೀರಾತಿಗೆ ಅಮಿತಾಭ್ ಮತ್ತು ಜಯಾ ಬಚ್ಚನ್ ನಿಂತಿದ್ದ ಚಿತ್ರವನ್ನು ಮುಜಫ್ಫರ್‌ನಗರದ ಒಂದು ಒಡವೆ ಅಂಗಡಿ ತನ್ನ ಹೋರ್ಡಿಂಗ್‌ಗೆ ಎತ್ತಿಕೊಂಡಿತ್ತು. ಚಿತ್ರ ಟೈಟನ್‌ನದ್ದು, ಮುಖ ಬಚ್ಚನ್ ದಂಪತಿಯದ್ದು. ನೋಡಿದವರಿಗೆ ಇವರು ಇಂಥವರೇ ಅಂತ ಗುರುತು ಸಿಗಬೇಕು ಎನ್ನುವ ಮಾತೂ ಆ ತೀರ್ಪಿನಲ್ಲಿದೆ.

ಆ ಗುರುತಿನ ಮಾತೇ ಸುಮಾಳಿಗೆ ತೊಡಕು. ಆ್ಯಪ್‌ಗಳಲ್ಲಿ ನೋಡಿದ್ದೀರಲ್ವಾ, ಎಷ್ಟೋ ಸೀರೆ ಫೋಟೊಗಳಲ್ಲಿ ಕುತ್ತಿಗೆಯಿಂದ ಮೇಲೆ ಕತ್ತರಿಸಿರುತ್ತಾರೆ. ಮುಖ ಹೋದರೆ ಮುಖದ ವಾದ ಸೊರಗುತ್ತದೆ. ಆದರೆ ರೇಖಾಳ ಕಾಪಿರೈಟ್ ಎಲ್ಲೂ ಹೋಗುವುದಿಲ್ಲ, ಅರ್ಧ ಫೋಟೊ ಕದ್ದರೂ ಕದ್ದಂತೆಯೇ. ನನ್ನ ಪ್ರಕಾರ ಇಂಥ ಕೇಸಿನಲ್ಲಿ ದೂರು ಕೊಡಬೇಕಾದವಳು ರೇಖಾ.

‘ದತ್ತಾಂಶ ಕಾಯ್ದೆ ಇದೆಯಲ್ಲ’ ಅಂತ ಕೆಲವರು ಕೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 3 ನೋಡಿ. ನಾವಾಗಿಯೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಸುಮಾಳ ಖಾತೆಗೆ ಬೀಗ ಇರಲಿಲ್ಲ ಅಂದರೆ ಆ ಕಾಯ್ದೆ ನೆರವಿಗೆ ಬಾರದು. 2020ರ ಇ-ಕಾಮರ್ಸ್ ನಿಯಮಗಳನ್ನೂ ಸುಮ್ನೆ ತುರುಕಬೇಡಿ. ಅವು ಗ್ರಾಹಕರ ದೂರಿಗೆ. ಪಾಲಿಯೆಸ್ಟರ್ ಸಿಕ್ಕವರು ಗ್ರಾಹಕರು, ಸುಮಾ ಅಲ್ಲ.

ಮತ್ತೆ ದೂರು ಎಲ್ಲಿಗೆ? 2021ರ ಐಟಿ ನಿಯಮಗಳ ಪ್ರಕಾರ ಬೇರೆಯವರ ಸರಕಿಗೆ ವೇದಿಕೆ ಕೊಡುವ ಇಂಥ ಪ್ರತಿ ಆ್ಯಪ್‌ಗೂ ದೂರು ಪರಿಹಾರ ಅಧಿಕಾರಿ ಇರಬೇಕು. ತೊಂದರೆಗೆ ಒಳಗಾದವರು ಆ ಆ್ಯಪ್‌ನ ಬಳಕೆದಾರರೇ ಆಗಿರಬೇಕಿಲ್ಲ. ಆದರೆ ದೂರು ಕೊಡುವ ಮೊದಲೇ ಲಿಂಕ್, ಮಾರಾಟಗಾರರ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಪುಟವೇ ಮಾಯವಾಗಿರುತ್ತದೆ. ಮೂಲ ಫೋಟೊ ರೇಖಾಳ ಮೊಬೈಲಿನಲ್ಲೇ ಇರಲಿ. ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟ್‌ನಂಥ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವೂ ಬೇಕು. ಹಳೆಯ ಪುಸ್ತಕ ಓದುವವರಿಗೆ ಇದು ಹಿಂದಿನ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ. ಕಾಪಿರೈಟ್ ಕಾಯ್ದೆಯಲ್ಲೂ ಒಂದು 63 ಇದೆಯಲ್ಲ, ಕಲಸಬೇಡಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ: ಸುಮಾ ಸೀರೆ ಕೊಂಡ ಅಂಗಡಿಗೆ ‘ಚೆನ್ನಾಗಿದೆ’ ಎಂದು ತಾನೇ ವಾಟ್ಸ್ಆ್ಯಪ್‌ನಲ್ಲಿ ಸೆಲ್ಫಿ ಕಳಿಸಿದ್ದಳು. ಅಂಗಡಿಯವರು ಅದನ್ನೇ ಜಾಹೀರಾತಿಗೆ ಹಾಕಿದರು. ಈಗ ಒಪ್ಪಿಗೆ ಯಾವುದಕ್ಕೆ ಇತ್ತು?